ಎರಡನೆಯ ಚೀಟಿ

ತಿಂಗಳ ಮೊದಲ ವಾರದಲ್ಲಿ ದಿನಸಿ ಅಂಗಡಿಗೆ ಚೀಟಿ ಬರೆಯುವುದು ನಾನು ಈ ಮನೆಗೆ ಸೊಸೆಯಾಗಿ ಬಂದಂದಿನಿಂದ ನನ್ನ ಪಾಲಿನ ಕೆಲಸ. ತೊಗರಿಬೇಳೆ ಇಷ್ಟು, ಸಾಸಿವೆ ಇಷ್ಟು, ಬಟ್ಟೆ ಸೋಪು ಇಷ್ಟು ಎಂದು ಬರೆದು, ಕೆಳಗೊಂದು ಗೆರೆ ಎಳೆದು, ಮೊತ್ತವನ್ನು ಅಂದಾಜಿಗೆ ಹಾಕಿ ನಮ್ಮವರ ಕೈಗಿಡುತ್ತಿದ್ದೆ. ಹೈಸ್ಕೂಲಿನಲ್ಲಿ 31 ವರ್ಷ ಗಣಿತ ಕಲಿಸಿದವಳು. ಅಂದಾಜು ಹತ್ತಿಪ್ಪತ್ತು ರೂಪಾಯಿಗಿಂತ ಆಚೀಚೆ ಆಗುತ್ತಿರಲಿಲ್ಲ. ಈಗ ಕೆಲವು ವರ್ಷಗಳಿಂದ ಆ ಚೀಟಿಗೆ ಇನ್ನೊಂದು ಜೊತೆಯಾಗಿದೆ. ಅದು ಔಷಧಿ ಅಂಗಡಿಯ ಚೀಟಿ. ನಮ್ಮವರ ಹೃದಯಕ್ಕೆ ನಾಲ್ಕು ಬಗೆ, ಸಕ್ಕರೆ ಕಾಯಿಲೆಗೆ ಎರಡು, ನನ್ನ ಬಿ.ಪಿ.ಗೆ ಒಂದು, ಥೈರಾಯ್ಡಿಗೆ ಒಂದು, ಮಂಡಿನೋವಿಗೆ ಆಗೀಗ ಒಂದು. ಹಿಂದೆ ಮೈಸೂರುಪಾಕು ತುಂಬಿಡುತ್ತಿದ್ದ ಸ್ಟೀಲಿನ ಡಬ್ಬಿಯೇ ಈಗ ಮಾತ್ರೆಯ ಡಬ್ಬಿ. ಮೈಸೂರುಪಾಕಂತೂ ಹೇಗೂ ಮನೆಗೆ ನಿಷಿದ್ಧ.

ಎರಡು ಚೀಟಿಗಳನ್ನೂ ಬರೆಯುವವಳು ನಾನೇ. ಆದರೆ ಒಂದಕ್ಕೂ ಇನ್ನೊಂದಕ್ಕೂ ಅಜಗಜಾಂತರ. ತೊಗರಿಬೇಳೆ ತುಟ್ಟಿಯಾದರೆ ನಾಲ್ಕು ದಿನ ಹೆಸರುಬೇಳೆ ಸಾರಿನಲ್ಲಿ ಕಳೆಯಬಹುದು. ಎಣ್ಣೆ ಏರಿತೆಂದರೆ ಹಬ್ಬದ ದಿನವೂ ಬೋಂಡಾ ಬದಲು ಕೋಸಂಬರಿ ಮಾಡಿ ಮುಗಿಸಬಹುದು. ಎರಡನೆಯ ಚೀಟಿಯಲ್ಲಿ ಒಂದಕ್ಷರ ತಿದ್ದಲು ನನಗೆ ಅಧಿಕಾರವಿಲ್ಲ. ಏನು ಬೇಕೆಂದು ಹೇಳುವವರು ಡಾಕ್ಟರು, ಯಾವ ಕಂಪನಿಯದೆಂದು ಬರೆಯುವವರೂ ಅವರೇ. ದರ ತಿಳಿಯುವುದು ಅಂಗಡಿಯವನು ಸ್ಟ್ರಿಪ್ಪುಗಳನ್ನೆಲ್ಲ ಕವರಿಗೆ ತುಂಬಿದ ಮೇಲೆ. ನುಂಗುವವರು ನಮ್ಮವರು, ದುಡ್ಡು ಎಣಿಸುವವಳು ನಾನು. ಆರಿಸುವವರೊಬ್ಬರು, ಅನುಭವಿಸುವವರೊಬ್ಬರು, ತೆರುವವರು ಮತ್ತೊಬ್ಬರು ಆಗಿರುವ ವ್ಯಾಪಾರವನ್ನು ನೀವು ನಿಮ್ಮೂರ ಸಂತೆಯಲ್ಲಿ ಕಂಡಿದ್ದೀರಾ? ಕೆನೆತ್ ಆ್ಯರೋ ಎಂಬ ಅಮೆರಿಕದ ಅರ್ಥಶಾಸ್ತ್ರಜ್ಞರು 1963ರಲ್ಲಿ ಇದರ ಬಗ್ಗೆಯೇ ಒಂದು ದೊಡ್ಡ ಲೇಖನ ಬರೆದರು. ತನಗೇನು ಬೇಕೆಂದು ರೋಗಿಗೇ ತಿಳಿದಿರುವುದಿಲ್ಲ, ಯಾವಾಗ ಬೇಕಾದೀತೆಂಬುದೂ ತಿಳಿಯದು, ಆದ್ದರಿಂದ ವೈದ್ಯಕೀಯಕ್ಕೆ ಉಳಿದ ಮಾರುಕಟ್ಟೆಗಳ ನಿಯಮ ಹೊಂದುವುದಿಲ್ಲ ಎಂಬುದು ಅದರ ಸಾರ. ಯಾವ ಗೃಹಿಣಿಯನ್ನು ಕೇಳಿದ್ದರೂ ಹೇಳುತ್ತಿದ್ದಳು ಎನ್ನಿಸಿತು ನನಗೆ. ಆದರೆ ಗೃಹಿಣಿಯನ್ನು ಯಾರು ಕೇಳುತ್ತಾರೆ?

ಹೋದ ವರ್ಷ ಒಂದು ತಿಂಗಳು ಎರಡನೆಯ ಚೀಟಿಯ ಮೊತ್ತ ಮೊದಲನೆಯದನ್ನು ಮೀರಿತು. ಅನ್ನಕ್ಕಿಂತ ಮಾತ್ರೆಗೆ ಹೆಚ್ಚು! ಮಹಿಳಾ ಸಮಾಜದಲ್ಲಿ ಈ ಮಾತೆತ್ತಿದಾಗ "ನಿಮ್ಮದು ಈಗ ಮೀರಿತಾ? ನಮ್ಮದು ಮೂರು ವರ್ಷವಾಯ್ತು ಕಣ್ರೀ" ಎಂದರು ಒಬ್ಬರು, ಏನೋ ಪಂದ್ಯ ಗೆದ್ದವರಂತೆ. ಮನೆಮನೆಯಲ್ಲೂ ಹೀಗಿದ್ದರೆ ಇಡೀ ದೇಶದ ಚೀಟಿ ಹೇಗಿರಬಹುದು ಎಂಬ ಕುತೂಹಲ ಹುಟ್ಟಿದ್ದು ಆಗಲೇ. ಲೆಕ್ಕದ ಮೇಷ್ಟರ ಚಾಳಿ, ಸುಮ್ಮನಿರಲು ಬಿಡದು. ಕೇಂದ್ರದ ಆರೋಗ್ಯ ಇಲಾಖೆ ರಾಷ್ಟ್ರೀಯ ಆರೋಗ್ಯ ಲೆಕ್ಕ ಎಂದು ಒಂದು ವರದಿಯನ್ನು ಹೊರತರುತ್ತದೆ. ಮಗನಿಗೆ ಹೇಳಿ ಅದನ್ನು ತರಿಸಿಕೊಂಡು, ಕನ್ನಡಕ ಏರಿಸಿ ಕುಳಿತೆ.

2021-22ರಲ್ಲಿ ದೇಶ ಆರೋಗ್ಯಕ್ಕೆಂದು ಮಾಡಿದ ಒಟ್ಟು ಖರ್ಚು 9 ಲಕ್ಷ ಕೋಟಿ ರೂಪಾಯಿಗೂ ತುಸು ಹೆಚ್ಚು. ತಲೆಗೆ 6,602 ರೂಪಾಯಿ. ದೇಶದ ಒಟ್ಟು ಉತ್ಪನ್ನದಲ್ಲಿ ಇದು ಶೇ. 3.8ರಷ್ಟು. ನಮ್ಮಕ್ಕನ ಮಗಳು ಅಮೆರಿಕದಲ್ಲಿದ್ದಾಳೆ. ಅಲ್ಲಿ 1960ರಲ್ಲಿ ಶೇ. 5 ಇದ್ದದ್ದು 2023ರಲ್ಲಿ 17.6ಕ್ಕೆ ಮುಟ್ಟಿದೆ. ಅಷ್ಟು ಸುರಿದೂ ಅಲ್ಲಿನವರ ಆಯುಸ್ಸು ಉಳಿದ ಶ್ರೀಮಂತ ದೇಶಗಳವರಿಗಿಂತ ಕಡಿಮೆಯೇ. ಅಲ್ಲಿಗೆ ಹೋಲಿಸಿದರೆ ನಮ್ಮದು ಮಿತವ್ಯಯದ ಸಂಸಾರ ಎನ್ನಬೇಕು! ಆದರೆ ಮಿತವ್ಯಯ ಎಂಬ ಮಾತನ್ನು ನಾವು ಹೆಂಗಸರು ಸ್ವಲ್ಪ ಅನುಮಾನದಿಂದಲೇ ನೋಡಬೇಕು. ಮನೆಯಲ್ಲಿ ಯಾರು ಮಿತವಾಗಿ ಉಂಡದ್ದರಿಂದ ಉಳಿತಾಯವಾಯಿತು ಎಂಬುದು ನಮಗೆ ಗೊತ್ತಲ್ಲ.

ಒಟ್ಟು ಮೊತ್ತಕ್ಕಿಂತ ನನ್ನ ಕಣ್ಣು ನಿಂತದ್ದು ಯಾರ ಜೇಬಿನಿಂದ ಎಂಬ ಅಂಕಣದಲ್ಲಿ. 2004-05ರಲ್ಲಿ ದೇಶದ ಆರೋಗ್ಯದ ಖರ್ಚು ನೂರು ರೂಪಾಯಿಯಾದರೆ ಅದರಲ್ಲಿ 69 ರೂಪಾಯಿಯನ್ನು ಜನ ತಮ್ಮ ಕೈಯಿಂದಲೇ ತೆತ್ತಿದ್ದರು. 2013-14ರಲ್ಲಿ ಅದು 64. 2021-22ರ ಹೊತ್ತಿಗೆ 39.4. ಅದೇ ಅವಧಿಯಲ್ಲಿ ಸರ್ಕಾರದ ಪಾಲು ಏರಿದೆ. ದೇಶದ ಉತ್ಪನ್ನದ ಶೇ. 1.15ರಷ್ಟಿದ್ದದ್ದು 1.84 ಆಗಿದೆ. 2017ರ ರಾಷ್ಟ್ರೀಯ ಆರೋಗ್ಯ ನೀತಿ 2025ಕ್ಕೆ 2.5 ಮುಟ್ಟಿಸುತ್ತೇವೆ ಎಂದಿತ್ತು. ಅಷ್ಟಾಗಿಲ್ಲವಾದರೂ ಏರಿದ್ದನ್ನು ಇಲ್ಲವೆನ್ನಲಾಗದು. ಕೋವಿಡ್ ಬಂದ ವರ್ಷಗಳು ಅವು. ಲಸಿಕೆ, ಆಕ್ಸಿಜನ್, ಹಾಸಿಗೆ ಎಂದು ಸರ್ಕಾರಗಳು ಬಿಚ್ಚುಗೈಯಿಂದ ಖರ್ಚು ಮಾಡಲೇಬೇಕಾಗಿತ್ತು ಎಂಬುದನ್ನೂ ಇಲ್ಲಿ ನೆನೆಯಬೇಕು.

ಜನರ ಪಾಲು ಇಳಿಯುತ್ತಿದೆ ಎನ್ನುತ್ತದೆ ವರದಿ. ನನ್ನ ಎರಡನೆಯ ಚೀಟಿ ಏರುತ್ತಿದೆ ಎನ್ನುತ್ತದೆ. ಎರಡರಲ್ಲಿ ಒಂದು ಸುಳ್ಳು ಹೇಳುತ್ತಿದೆಯೇ? ಬಹಳ ದಿನ ಇದು ನನ್ನ ತಲೆಯಲ್ಲಿ ಕೊರೆಯಿತು. ಈಗ ಅನ್ನಿಸುವುದು, ಎರಡೂ ನಿಜವಿರಬಹುದು. ಎರಡೂ ಬೇರೆ ಬೇರೆ ಪ್ರಶ್ನೆಗೆ ಉತ್ತರ ಕೊಡುತ್ತಿವೆ, ಅಷ್ಟೆ. ಅದನ್ನು ಬಿಡಿಸಲು ಸ್ವಲ್ಪ ಹಿಂದಕ್ಕೆ ಹೋಗಬೇಕು.

ನಮ್ಮದು ತೆಂಗಿನ ಸೀಮೆಯ ಒಂದು ತಾಲ್ಲೂಕು ಊರು. ನಮ್ಮ ಅತ್ತೆಯವರು ಹೇಳುತ್ತಿದ್ದರು, ಅವರು ಮದುವೆಯಾಗಿ ಬಂದ ಕಾಲದಲ್ಲಿ ಇಡೀ ಊರಿಗೆ ಒಬ್ಬರೇ ಡಾಕ್ಟರು, ಒಬ್ಬ ಕಾಂಪೌಂಡರು. ಸೀಸೆಯನ್ನು ಮನೆಯಿಂದಲೇ ಒಯ್ಯಬೇಕು. ಕೆಂಪು ಮಿಕ್ಸ್‌ಚರು ತುಂಬಿ, ಹೊರಗೆ ಹಲ್ಲುಹಲ್ಲಾಗಿ ಕತ್ತರಿಸಿದ ಕಾಗದದ ಪಟ್ಟಿ ಅಂಟಿಸಿ ಕೊಡುತ್ತಿದ್ದರಂತೆ, ಹೊತ್ತಿಗೆ ಒಂದು ಹಲ್ಲಿನಷ್ಟು ಕುಡಿಯಬೇಕೆಂದು. ಫೀಜು ಕೊಡಲಾಗದವರು ಸುಗ್ಗಿಯಲ್ಲಿ ತೆಂಗಿನಕಾಯಿ, ಬೆಲ್ಲ ತಂದು ಡಾಕ್ಟರ ಜಗುಲಿಯ ಮೇಲೆ ಇಟ್ಟು ಹೋಗುತ್ತಿದ್ದರು. ಕೇಳಲು ಬಲು ಸೊಗಸು. ಆದರೆ ಅದೇ ಅತ್ತೆಯವರು ಒಂಬತ್ತು ಹೆತ್ತು ಐವರನ್ನು ಉಳಿಸಿಕೊಂಡವರು ಎಂಬುದನ್ನು ಸೇರಿಸಿದರೆ ಆ ಸೊಗಸು ಅಲ್ಲಿಗೇ ಇಂಗುತ್ತದೆ. ಸ್ವಾತಂತ್ರ್ಯ ಬಂದ ಹೊತ್ತಿಗೆ ಭಾರತೀಯರ ಸರಾಸರಿ ಆಯುಸ್ಸು ಸುಮಾರು 32 ವರ್ಷ. ಈಗ ಸುಮಾರು 70. ಖರ್ಚು ಏಕೆ ಏರಿತು ಎಂಬುದಕ್ಕೆ ಮೊದಲ ಉತ್ತರ ಇದು, ಇದರ ಬಗ್ಗೆ ಗೊಣಗುವಂತಿಲ್ಲ. ನಾವು ಬದುಕಿದ್ದೇವೆ, ಅದಕ್ಕೇ ಖರ್ಚು.

ಆದರೆ ಬದುಕಿದವರಿಗೆ ಬರುವ ಕಾಯಿಲೆಗಳ ಜಾತಿ ಬೇರೆ. ಆಗಿನ ಕಾಯಿಲೆಗಳು ನೆಂಟರ ಹಾಗೆ: ವಾಂತಿಭೇದಿಯೋ, ವಿಷಮಶೀತ ಜ್ವರವೋ ಬಂದರೆ ಒಂದೋ ಗುಣವಾಗಿ ಹೋಗಬೇಕು, ಇಲ್ಲ ಕರೆದುಕೊಂಡೇ ಹೋಗಬೇಕು. ಈಗಿನವು ಬಾಡಿಗೆದಾರರ ಹಾಗೆ. ಒಳಗೆ ಬಂದ ಮೇಲೆ ಬಿಡಿಸುವುದು ಆಗದು, ಬಾಡಿಗೆ ಕೊಡುವವರು ಮಾತ್ರ ನಾವು! ದೇಶದ ರೋಗಭಾರದಲ್ಲಿ ಸಕ್ಕರೆ, ಹೃದಯ, ಕ್ಯಾನ್ಸರು ಮುಂತಾದ ಅಂಟದ ಕಾಯಿಲೆಗಳ ಪಾಲು 1990ರಲ್ಲಿ ಶೇ. 30ರಷ್ಟಿದ್ದದ್ದು 2016ಕ್ಕೆ ಶೇ. 55ಕ್ಕೆ ಏರಿತು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಬೆಂಬಲದಿಂದ ನಡೆದು 2023ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ ದೇಶದಲ್ಲಿ ಸಕ್ಕರೆ ಕಾಯಿಲೆಯವರು 10 ಕೋಟಿಗೂ ಹೆಚ್ಚು. ಇವರಾರೂ ಆಸ್ಪತ್ರೆಯಲ್ಲಿ ಮಲಗಿಲ್ಲ. ಮನೆಯಲ್ಲಿ ನಮ್ಮ ನಿಮ್ಮ ಹಾಗೆ ಓಡಾಡಿಕೊಂಡು, ದಿನಕ್ಕೆರಡು ಮಾತ್ರೆ ನುಂಗುತ್ತಾ, ಮೂರು ತಿಂಗಳಿಗೊಮ್ಮೆ ರಕ್ತ ಕೊಟ್ಟು ಬರುತ್ತಾ ಇದ್ದಾರೆ.

ಈಗ ಸರ್ಕಾರಿ ಯೋಜನೆಗಳತ್ತ ನೋಡಿ. ನಮ್ಮ ರಾಜ್ಯ ಈ ವಿಷಯದಲ್ಲಿ ಹಿಂದೆ ಬಿದ್ದಿಲ್ಲ. 2003ರಲ್ಲಿ ಸಹಕಾರ ಸಂಘದ ಸದಸ್ಯರಿಗೆ ತಿಂಗಳಿಗೆ 5 ರೂಪಾಯಿಯ ಕಂತಿನಲ್ಲಿ ಯಶಸ್ವಿನಿ ಬಂತು. 2018ರಲ್ಲಿ ನಿಂತು, 2022ರಲ್ಲಿ ಮತ್ತೆ ಜೀವ ಪಡೆಯಿತು. 2018ರಲ್ಲಿ ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕ ಬಂತು, ಬಿ.ಪಿ.ಎಲ್. ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗಿನ ಚಿಕಿತ್ಸೆ, ನಮ್ಮಂಥ ಎ.ಪಿ.ಎಲ್. ಕಾರ್ಡಿನವರಿಗೆ ನಿಗದಿತ ದರದ ಶೇ. 30 ಮಾತ್ರ. ನಮ್ಮ ಮನೆಗೆ ಪಾತ್ರೆ ತೊಳೆಯಲು ಬರುತ್ತಿದ್ದಾಕೆಯ ಗಂಡನಿಗೆ ಹೃದಯದ ಆಪರೇಷನ್ನು ಒಂದು ಕಾಸಿಲ್ಲದೆ ಆಯಿತು. ಹಿಂದಾಗಿದ್ದರೆ ಆಕೆ ತನ್ನ ಗುಂಟೆ ಜಮೀನು ಮಾರಬೇಕಿತ್ತು. ಇದನ್ನು ಕಣ್ಣಾರೆ ಕಂಡ ನಾನು ಈ ಯೋಜನೆಗಳನ್ನು ಹಗುರವಾಗಿ ಆಡಲಾರೆ.

ಆದರೆ ಇವೆಲ್ಲ ಮಲಗಿದವರಿಗೆ. ಆಸ್ಪತ್ರೆಯ ಹಾಸಿಗೆ ಹಿಡಿದರೆ ಸರ್ಕಾರ ಕೈ ಹಿಡಿಯುತ್ತದೆ; ಎದ್ದು ಮನೆಗೆ ಬಂದ ಮೇಲೆ ನುಂಗುವ ಮಾತ್ರೆಗೆ, ಮಲಗದೇ ಇರಲೆಂದು ನುಂಗುವ ಮಾತ್ರೆಗೆ ಬಹುಪಾಲು ನಮ್ಮದೇ ಜೇಬು. ಜನ ಕೈಯಿಂದ ತೆರುವ ಹಣದಲ್ಲಿ ದೊಡ್ಡ ಪಾಲು ಹೋಗುವುದೇ ಔಷಧಿಗೆ. 2011-12ರ ಅಂಕಿಅಂಶಗಳನ್ನು ಇಟ್ಟುಕೊಂಡು ಆರೋಗ್ಯ ತಜ್ಞರು ಹಾಕಿದ ಲೆಕ್ಕವೊಂದಿದೆ. ಆ ಒಂದು ವರ್ಷದಲ್ಲಿ ಚಿಕಿತ್ಸೆಯ ಖರ್ಚಿನಿಂದ ಬಡತನದ ರೇಖೆಯ ಕೆಳಗೆ ಜಾರಿದವರು ಐದೂವರೆ ಕೋಟಿ ಜನ; ಅದರಲ್ಲಿ 3.8 ಕೋಟಿ ಮಂದಿಯನ್ನು ಜಾರಿಸಲು ಔಷಧಿಯ ಖರ್ಚೊಂದೇ ಸಾಕಾಯಿತು. ಆಪರೇಷನ್ನು ಮನೆ ಮುರಿಯುವುದನ್ನು ಊರೆಲ್ಲ ನೋಡುತ್ತದೆ. ಮಾತ್ರೆಗಳು ಗೆದ್ದಲಿನ ಹಾಗೆ, ಸದ್ದಿಲ್ಲದೆ.

ವರದಿಯ ಇಳಿಯುವ ಗೆರೆಯ ಬಗ್ಗೆ ಇನ್ನೊಂದು ಮಾತು. ಮನೆಗಳ ಖರ್ಚನ್ನು ಯಾರೂ ನಮ್ಮ ಚೀಟಿ ಕೂಡಿ ಲೆಕ್ಕ ಹಾಕುವುದಿಲ್ಲ. 2017-18ರಲ್ಲಿ ನಡೆದ ರಾಷ್ಟ್ರೀಯ ಮಾದರಿ ಸಮೀಕ್ಷೆಯನ್ನು ಆಧಾರವಾಗಿಟ್ಟುಕೊಂಡು ಮುಂದಿನ ವರ್ಷಗಳಿಗೆ ಅಂದಾಜು ಹಿಗ್ಗಿಸಿದ್ದಾರೆ. ಇದರ ಬಗ್ಗೆ ಅರ್ಥಶಾಸ್ತ್ರಜ್ಞರಲ್ಲೇ ತಕರಾರಿದೆ. ಅದು ಅವರವರ ಪಾಡಿಗಿರಲಿ. ನನಗೆ ಹೊಳೆದದ್ದು ಇಷ್ಟು: ಡಾಕ್ಟರ ಹತ್ತಿರ ಹೋಗಿ ನೂರು ರೂಪಾಯಿ ಕೊಟ್ಟವಳು ಈ ಲೆಕ್ಕದಲ್ಲಿ ನೂರಾಗಿ ಬರುತ್ತಾಳೆ. ಹೋಗಬೇಕಾಗಿದ್ದೂ ಹೋಗದೆ ಉಳಿದವಳು ಸೊನ್ನೆಯಾಗಿ ಬರುತ್ತಾಳೆ. ಆರೋಗ್ಯವಾಗಿದ್ದು ಹೋಗದವಳೂ ಸೊನ್ನೆಯೇ. ಈ ಎರಡು ಸೊನ್ನೆಗಳನ್ನು ಬೇರೆ ಮಾಡಿ ತೋರಿಸುವ ಅಂಕಣ ಆ ಪುಸ್ತಕದಲ್ಲಿಲ್ಲ.

ಖರ್ಚು ಏರುವುದಕ್ಕೆ ನಮ್ಮ ಆಯುಸ್ಸು, ಕಾಯಿಲೆ ಮಾತ್ರ ಕಾರಣವಲ್ಲ. ನಮ್ಮವರಿಗೆ ಎದೆನೋವು ಬಂದದ್ದು 2016ರ ಅಕ್ಟೋಬರಿನಲ್ಲಿ. ದೊಡ್ಡ ಊರಿನ ಒಂದು ಖಾಸಗಿ ಆಸ್ಪತ್ರೆಗೆ ಒಯ್ದೆವು. ಆಂಜಿಯೋಗ್ರಾಂ ಮಾಡಿ, ಅವರನ್ನು ಆ ಮೇಜಿನ ಮೇಲೆಯೇ ಮಲಗಿಸಿಕೊಂಡು, ಹೊರಗೆ ಬಂದು ನನ್ನನ್ನು ಕೇಳಿದರು: "ಅಮ್ಮಾ, ಎರಡು ಸ್ಟೆಂಟು ಹಾಕಬೇಕು. ಇಂಡಿಯನ್ ಹಾಕಲೋ, ಇಂಪೋರ್ಟೆಡ್ ಹಾಕಲೋ?" ಸೀರೆ ಅಂಗಡಿಯಲ್ಲಿ ಆರ್ಟ್ ಸಿಲ್ಕೋ, ಪ್ಯೂರೋ ಎಂದು ಕೇಳಿದ ಹಾಗಿತ್ತು. ಕೊತ್ತಂಬರಿ ಕಟ್ಟಿಗೂ ಎರಡು ಮಾತಾಡದೆ ಬಿಡದ ನಾನು ಆಗ ಏನು ಹೇಳಿಯೇನು? ಒಳ್ಳೆಯದು ಯಾವುದೋ ಅದೇ ಹಾಕಿ ಎಂದೆ. ಯಾವ ಹೆಂಡತಿಯಾದರೂ ಅದನ್ನೇ ಹೇಳುತ್ತಾಳೆ. ಕೇಳುವವರಿಗೂ ಅದು ಗೊತ್ತಿರುತ್ತದೆ. ಒಂದೊಂದಕ್ಕೆ ಲಕ್ಷದ ಮೇಲೆ ಬಿಲ್ಲಾಯಿತು. ನಾಲ್ಕು ತಿಂಗಳು ಕಳೆದಿರಲಿಲ್ಲ, 2017ರ ಫೆಬ್ರವರಿಯಲ್ಲಿ ಔಷಧ ಬೆಲೆ ಪ್ರಾಧಿಕಾರ ಸ್ಟೆಂಟಿಗೆ ಮಿತಿ ಹಾಕಿತು: ಬರಿಯ ಲೋಹದ್ದಕ್ಕೆ 7,260 ರೂಪಾಯಿ, ಔಷಧಿ ಲೇಪಿಸಿದ್ದಕ್ಕೆ 29,600. ನಡುವೆ ಲಾಭ ತಿಂದವರಲ್ಲಿ ಆಸ್ಪತ್ರೆಗಳ ಪಾಲೇ ದೊಡ್ಡದೆಂದು ಪ್ರಾಧಿಕಾರವೇ ಹೊರಗೆಡವಿತು. ಪತ್ರಿಕೆಯಲ್ಲಿ ಅದನ್ನು ಓದಿದ ನಮ್ಮವರು "ನನ್ನ ಎದೆಯಲ್ಲಿ ಈಗ ಒಂದೂವರೆ ಲಕ್ಷ ಲುಕ್ಸಾನು ಕೂತಿದೆ ನೋಡೇ" ಎಂದು ನಕ್ಕರು. ಅದೇ ವರ್ಷ ಆಗಸ್ಟಿನಲ್ಲಿ ಮಂಡಿ ಚಿಪ್ಪಿಗೂ ಮಿತಿ ಬಂತು. ಬಿಲ್ಲಿನಲ್ಲಿ ಒಂದು ಸಾಲು ಇಳಿದರೆ ಇನ್ನೊಂದು ಸಾಲು ಏರುತ್ತದೆ ಎಂಬ ದೂರುಗಳೂ ಹಿಂದೆಯೇ ಬಂದವು. ಆದರೂ ಸರ್ಕಾರ ಮನಸ್ಸು ಮಾಡಿದರೆ ಒಂದು ರಾತ್ರಿಯಲ್ಲಿ ಇಷ್ಟು ಆಗುತ್ತದೆ ಎಂಬುದೇನು ಸಣ್ಣ ಮಾತೇ?

ಯಂತ್ರಗಳ ಕಥೆಯೂ ವಿಚಿತ್ರ. ಟಿ.ವಿ., ಗಡಿಯಾರ, ಫೋನು, ಹೊಸತು ಬಂದಂತೆ ಹಳೆಯದು ಅಗ್ಗವಾಗುತ್ತದೆ, ಇಲ್ಲ ಮೂಲೆ ಸೇರುತ್ತದೆ. ಆಸ್ಪತ್ರೆಯಲ್ಲಿ ಮಾತ್ರ ಹಳೆಯದರ ಮೇಲೆ ಹೊಸದು. ಸ್ಕ್ಯಾನಿಂಗು ಬಂದರೂ ಎಕ್ಸ್‌ರೇ ಹೋಗಲಿಲ್ಲ, ಎಂ.ಆರ್.ಐ. ಬಂದರೂ ಸ್ಕ್ಯಾನಿಂಗು ಹೋಗಲಿಲ್ಲ. ಕೋಟಿ ಕೊಟ್ಟು ತಂದ ಯಂತ್ರ ಬಾಯಿ ತೆರೆದು ಕೂತಿದ್ದರೆ ಅದಕ್ಕೆ ಉಣಿಸಬೇಕಲ್ಲ. ಲಕ್ಷಾಂತರ ಕೊಟ್ಟು ಸೀಟು ಕೊಂಡು ಓದಿದವರಿಗೂ ಅಸಲು ಹುಟ್ಟಬೇಕಲ್ಲ. ಕ್ಯಾಪಿಟೇಶನ್ ಶುಲ್ಕ ಸಲ್ಲದೆಂದು 1992ರಲ್ಲಿ ಸುಪ್ರೀಂ ಕೋರ್ಟು ಹೇಳಿದ್ದು ನಮ್ಮ ರಾಜ್ಯದ ಕಾಲೇಜೊಂದರ ಪ್ರಕರಣದಲ್ಲೇ. 1995ರಲ್ಲಿ ಅದೇ ಕೋರ್ಟು ವೈದ್ಯಸೇವೆಯನ್ನು ಗ್ರಾಹಕ ಕಾನೂನಿನೊಳಗೆ ತಂದಿತು. ರೋಗಿಗೆ ಅದರಿಂದ ಬಲ ಬಂದದ್ದು ನಿಜ. ನಾಳೆ ಯಾರಾದರೂ ಕೇಳಿದರೆ ಇರಲಿ ಎಂದು ಡಾಕ್ಟರು ನಾಲ್ಕು ಟೆಸ್ಟು ಹೆಚ್ಚಿಗೆ ಬರೆಯುವುದಕ್ಕೂ ಅದು ದಾರಿಯಾಯಿತು ಎಂದು ನಮ್ಮ ಪರಿಚಯದ ಹಿರಿಯ ವೈದ್ಯರೊಬ್ಬರು ಹೇಳುತ್ತಾರೆ. ಇಷ್ಟೆಲ್ಲ ಹೇಳಿಯೂ, ನಡುರಾತ್ರಿ ಬಾಗಿಲು ಬಡಿದರೆ ಏಳುವ ಡಾಕ್ಟರುಗಳೂ ನಮ್ಮೂರಲ್ಲಿದ್ದಾರೆ ಎಂಬುದನ್ನು ಮರೆತು ಬರೆದರೆ ನನ್ನ ಪೆನ್ನಿಗೆ ಶಾಪ ತಟ್ಟೀತು.

ಇನ್ನು ಹೆಣ್ಣಿನ ಮೈಯ ವಿಚಾರ. ಇದನ್ನು ಮುಚ್ಚುಮರೆಯಿಲ್ಲದೆ ಹೇಳಬೇಕು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ದೇಶದ ಸರ್ಕಾರಿ ಆಸ್ಪತ್ರೆಗಳಲ್ಲಿ ಆದ ಹೆರಿಗೆಗಳಲ್ಲಿ ಸಿಸೇರಿಯನ್ ಶೇ. 14.3. ಖಾಸಗಿಯಲ್ಲಿ 47.4. ಒಂದೇ ದೇಶದ ಹೆಂಗಸರು, ಒಂದೇ ಬಗೆಯ ಸೊಂಟ. ಆಸ್ಪತ್ರೆಯ ಬಾಗಿಲು ಬದಲಾದರೆ ಮಗು ಬರುವ ದಾರಿಯೇ ಬದಲಾಗುತ್ತದೆಯೇ? ಕಷ್ಟದ ಬಸಿರುಗಳು ಖಾಸಗಿಗೆ ಹೆಚ್ಚು ಹೋಗುತ್ತವೆ, ಮುಹೂರ್ತ ನೋಡಿ ಕುಯ್ಯಿಸಿಕೊಳ್ಳುವ ನಮ್ಮವರೂ ಇದ್ದಾರೆ ಎಂದೆಲ್ಲ ಒಪ್ಪಿದರೂ ಮೂರು ಪಟ್ಟಿಗೂ ಮೀರಿದ ಈ ಅಂತರಕ್ಕೆ ಅದು ಸಾಲದು. ಗರ್ಭಕೋಶದ್ದು ಇನ್ನೂ ನೋವಿನ ಕಥೆ. ಕಲಬುರಗಿ ಜಿಲ್ಲೆಯ ತಾಂಡಾಗಳಲ್ಲಿ ಲಂಬಾಣಿ ಮತ್ತು ದಲಿತ ಹೆಣ್ಣುಮಕ್ಕಳು, ಇನ್ನೂ ಚಿಕ್ಕ ಪ್ರಾಯದವರು, ಹೊಟ್ಟೆನೋವು, ಬಿಳಿಸೆರಗು ಎಂದು ಹೋದವರು ಗರ್ಭಕೋಶ ತೆಗೆಸಿಕೊಂಡು ಬಂದ ವಿಷಯ 2015ರ ಸುಮಾರಿಗೆ ಬೆಳಕಿಗೆ ಬಂದು ತನಿಖೆ, ಧರಣಿ ಎಲ್ಲ ನಡೆದವು. ಬಿಟ್ಟರೆ ಕ್ಯಾನ್ಸರು ಆದೀತು ಎಂಬ ಒಂದು ಮಾತು ಸಾಕು; ಹೆದರಿದ ಮನೆಯವರು ಸಾಲ ಮಾಡುತ್ತಾರೆ. 2023ರಲ್ಲಿ ಸುಪ್ರೀಂ ಕೋರ್ಟು ಅನಗತ್ಯವಾಗಿ ಗರ್ಭಕೋಶ ತೆಗೆಯುವುದನ್ನು ತಡೆಯುವ ಮಾರ್ಗಸೂಚಿಯನ್ನು ಎಲ್ಲ ರಾಜ್ಯಗಳೂ ಜಾರಿಗೆ ತರಬೇಕೆಂದಿತು. ದೇಶದ ಲೆಕ್ಕದ ಪುಸ್ತಕದಲ್ಲಿ ಇಂಥ ಆಪರೇಷನ್ನಿಗೆ ತೆತ್ತ ಹಣವೂ ಆರೋಗ್ಯದ ಖರ್ಚು ಎಂದೇ ಜಮೆಯಾಗುತ್ತದೆ. ಯಾರ ಆರೋಗ್ಯ ಎಂದು ಪುಸ್ತಕ ಕೇಳುವುದಿಲ್ಲ.

ಒಂದು ಕಡೆ ಬೇಡದ್ದಕ್ಕೆ ಖರ್ಚು, ಇನ್ನೊಂದು ಕಡೆ ಬೇಕಾದ್ದಕ್ಕೆ ಇಲ್ಲ. ನನ್ನ ಓರಗಿತ್ತಿ ಕಣ್ಣಿನ ಪೊರೆಯನ್ನು ಐದು ವರ್ಷ ಮುಂದಕ್ಕೆ ಹಾಕಿದಳು. ಮೊದಲು ಮಗಳ ಬಾಣಂತನ, ಆಮೇಲೆ ಮಾವನವರ ಸೊಂಟ ಮುರಿತ, ಆಮೇಲೆ ಗಂಡನ ಡಯಾಲಿಸಿಸ್ಸು. ಗಂಡನನ್ನು ವಾರಕ್ಕೆರಡು ಸಲ ಬಸ್ಸಿನಲ್ಲಿ ಕರೆದೊಯ್ಯುತ್ತಿದ್ದ ಆಕೆಗೆ ಬಸ್ಸಿನ ಬೋರ್ಡೇ ಕಾಣುತ್ತಿರಲಿಲ್ಲ, ಕಂಡಕ್ಟರನ ದನಿ ಕೇಳಿ ಹತ್ತುತ್ತಿದ್ದಳು. ಡಯಾಲಿಸಿಸ್ಸಿಗೆ ಯೋಜನೆಯ ನೆರವಿತ್ತು. ಆದರೆ ಆಕೆಯ ದಿನ? ನಾಲ್ಕು ಗಂಟೆ ಯಂತ್ರದ ಪಕ್ಕ, ಹೋಗಿ ಬರಲು ಮೂರು ಗಂಟೆ, ಮನೆಗೆ ಬಂದ ಮೇಲೆ ಉಪ್ಪಿಲ್ಲದ ಅಡುಗೆ ಬೇರೆ, ಉಪ್ಪಿನ ಅಡುಗೆ ಬೇರೆ, ಕುಡಿದ ನೀರಿನ ಲೆಕ್ಕ, ರಾತ್ರಿ ಕಾಲು ಒತ್ತುವುದು. ಅಮೆರಿಕದ ಬಾಮೋಲ್ ಎಂಬ ಅರ್ಥಶಾಸ್ತ್ರಜ್ಞರು 1960ರ ದಶಕದಲ್ಲಿ ಹೇಳಿದ ಒಂದು ತತ್ತ್ವವಿದೆ: ಕಾರ್ಖಾನೆಯ ಕೆಲಸ ಯಂತ್ರದಿಂದ ಬೇಗ ಬೇಗ ಆಗುತ್ತದೆ, ಮನುಷ್ಯರನ್ನು ನೋಡಿಕೊಳ್ಳುವ ಕೆಲಸ ಹಾಗಾಗುವುದಿಲ್ಲ, ಆದ್ದರಿಂದ ಶುಶ್ರೂಷೆ, ಪಾಠ ಹೇಳುವುದು ಇಂಥವು ಕಾಲ ಹೋದಂತೆ ತುಟ್ಟಿಯಾಗುತ್ತಲೇ ಹೋಗುತ್ತವೆ. ಅದು ಸರಿಯೇ. ರೋಗಿಯ ಮಗ್ಗುಲು ಬದಲಿಸಲು ನಮ್ಮ ಅಜ್ಜಿಗೆ ಎಷ್ಟು ಹೊತ್ತು ಹಿಡಿಯಿತೋ ನನಗೂ ಅಷ್ಟೇ ಹಿಡಿಯುತ್ತದೆ. ಆದರೆ ಮನೆಯಲ್ಲಿ ಆ ಕೆಲಸ ಎಂದೂ ತುಟ್ಟಿಯಾಗಲಿಲ್ಲ, ಏಕೆಂದರೆ ಅದಕ್ಕೆ ದರವೇ ಇರಲಿಲ್ಲ. ಆಸ್ಪತ್ರೆಯ ಆಯಾ ಮಗ್ಗುಲು ಬದಲಿಸಿದರೆ ರಾಷ್ಟ್ರೀಯ ಆರೋಗ್ಯ ಲೆಕ್ಕಕ್ಕೆ ಸೇರುತ್ತದೆ, ನನ್ನ ಓರಗಿತ್ತಿ ಬದಲಿಸಿದರೆ ಸೇರುವುದಿಲ್ಲ. ಎರಡನೆಯ ದಿನಕ್ಕೇ ಡಿಸ್ಚಾರ್ಜು ಮಾಡಿ ಆಸ್ಪತ್ರೆ ಉಳಿಸಿದ ಖರ್ಚು ಎಲ್ಲಿಗೆ ಹೋಯಿತೆಂದು ಹುಡುಕಿದರೆ ಅದು ಯಾವುದೋ ಸೊಸೆಯ, ಮಗಳ, ಹೆಂಡತಿಯ ನಿದ್ದೆಯಲ್ಲಿ ಸಿಕ್ಕುತ್ತದೆ.

ಓರಗಿತ್ತಿಯ ಕಣ್ಣಿನ ಆಪರೇಷನ್ನು ಕೊನೆಗೆ ಒಂದು ಉಚಿತ ಶಿಬಿರದಲ್ಲಿ ಆಯಿತು. ಪಟ್ಟಿ ಬಿಚ್ಚಿದ ದಿನ ನನ್ನನ್ನು ನೋಡಿ "ಅಕ್ಕಾ, ನಿಮಗೆ ಇಷ್ಟು ಬಿಳಿಗೂದಲು ಯಾವಾಗ ಬಂತು?" ಎಂದಳು.

ಉಚಿತ ಎಂಬ ಮಾತಿಗೂ ಒಂದು ಬೆಲೆಯಿದೆ ಎಂದು ನನಗೆ ಕಲಿಸಿದಾಕೆ ನಮ್ಮ ಬೀದಿಗೆ ಹೂ ತರುವಾಕೆ. ಆಕೆಗೂ ನನ್ನ ಹಾಗೆ ಬಿ.ಪಿ. ಔಷಧಿ ಅಂಗಡಿಯಲ್ಲಿ ಸ್ಟ್ರಿಪ್ಪು ಕತ್ತರಿಸಿ ಐದೈದು ಮಾತ್ರೆ ಕೊಂಡು, ಒಂದು ದಿನ ನುಂಗಿ ಒಂದು ದಿನ ಬಿಟ್ಟು ಓಡಿಸುತ್ತಿದ್ದಳು. ಸರ್ಕಾರಿ ಆಸ್ಪತ್ರೆಯಲ್ಲಿ ತಿಂಗಳಿಗಾಗುವಷ್ಟು ಪುಕ್ಕಟೆ ಕೊಡುತ್ತಾರಲ್ಲೇ ಎಂದು ನಾನು ಗದರಿದೆ. ಆಕೆ ಬುಟ್ಟಿ ಇಳಿಸಿ ಸಮಾಧಾನವಾಗಿ ಹೇಳಿದಳು: "ಚೀಟಿ ಮಾಡಿಸೋಕೆ ಒಂದು ಸಾಲು, ಡಾಕ್ಟ್ರಿಗೆ ಒಂದು ಸಾಲು, ಮಾತ್ರೆಗೆ ಒಂದು ಸಾಲು. ಮಧ್ಯಾಹ್ನ ಆಗೋಯ್ತದೆ ಅಮ್ಮಾವ್ರೆ. ಬೆಳಗಿನ ಹೂವ ಮಧ್ಯಾಹ್ನ ಯಾರು ತಗೋತಾರೆ? ಮುನ್ನೂರು ರೂಪಾಯಿ ಹೂವ ಬಾಡ್ಸಿ ಅರವತ್ತು ರೂಪಾಯಿ ಮಾತ್ರೆ ತರ್ಲಾ?" ಗಣಿತದ ಮೇಷ್ಟರು ನಾನು. ಮರುಮಾತಿಲ್ಲದೆ ನಿಂತೆ, ಏಕೆಂದರೆ ಲೆಕ್ಕ ಸರಿಯಾಗಿತ್ತು.

2024ರಿಂದ ನಮ್ಮ ರಾಜ್ಯದಲ್ಲಿ ಗೃಹ ಆರೋಗ್ಯ ಎಂಬ ಯೋಜನೆ ಶುರುವಾಗಿದೆ. ಮನೆ ಬಾಗಿಲಿಗೇ ಬಂದು ಸಕ್ಕರೆ, ಬಿ.ಪಿ. ನೋಡಿ ಔಷಧಿ ಕೊಡುವ ಉದ್ದೇಶ. ಎರಡನೆಯ ಚೀಟಿಯ ಗಂಟನ್ನು ಸರಿಯಾದ ಕಡೆ ಬಿಚ್ಚಲು ಹೊರಟಿದ್ದಾರೆ ಎಂದು ನನಗೆ ಖುಷಿಯಾಯಿತು. ಹೂವಾಕೆಯದು ಮಾತ್ರ ಬೆಳಕು ಹರಿಯುವ ಮೊದಲೇ ಬೀಗ ಹಾಕುವ ಮನೆ. ಅದಕ್ಕೆ ನಾವಿಬ್ಬ‍ರೂ ಒಂದು ಏರ್ಪಾಡು ಮಾಡಿಕೊಂಡಿದ್ದೇವೆ. ತಿಂಗಳಲ್ಲಿ ಒಂದು ದಿನ, ಬುಧವಾರ, ಆಕೆ ಬುಟ್ಟಿಯನ್ನು ನಮ್ಮ ಜಗುಲಿಯ ಮೇಲಿಟ್ಟು ಆಸ್ಪತ್ರೆಯ ಸಾಲಿಗೆ ಹೋಗುತ್ತಾಳೆ. ಮಾರುವುದು ನನ್ನ ಕೆಲಸ. ನನ್ನ ಕೈ ಉದ್ದ, ಆದ್ದರಿಂದ ಮೊಳವೂ ಉದ್ದ. ಬೀದಿಯವರೆಲ್ಲ ಬುಧವಾರಕ್ಕೆ ಕಾಯುತ್ತಾರೆಂದು ಆಕೆಯ ದೂರು. ಮೂರು ಸಾಲು ಮುಗಿಸಿ ಬಂದು, ಮಾತ್ರೆಯ ಪೊಟ್ಟಣವನ್ನು ಸೆರಗಿಗೆ ಕಟ್ಟಿಕೊಳ್ಳುತ್ತಾ, ಉಳಿದ ಹೂವನ್ನು ತನ್ನ ಮೊಳದಲ್ಲಿ ಒಮ್ಮೆ ಅಳೆದುಕೊಂಡೇ ಮುಂದಿನ ಬೀದಿಗೆ ಹೊರಡುತ್ತಾಳೆ.